ಊಜಿ ನೊಣ ಹೇಳುವ ಚರಿತ್ರೆ: ಜಪಾನ್, ಅಮೆರಿಕ ಮತ್ತು ಕೋಲಾರದ ರೇಷ್ಮೆ

ಶ್ರೀನಿವಾಸಪುರ, ಮುಳಬಾಗಿಲು ಕಡೆಯ ರೇಷ್ಮೆ ಬೆಳೆಗಾರರನ್ನು ಕಂಡು 'ಈ ಸಲ ಬೆಳೆ ಹೇಗೆ?' ಎಂದು ವಿಚಾರಿಸಿದರೆ 'ಊಜಿ ಬಿದ್ದು ಹಾಳಾಯಿತು' ಎಂಬ ಮಾತು ಒಮ್ಮೆಯಾದರೂ ಕಿವಿಗೆ ಬೀಳದೆ ಇರದು. ಮನೆಯಲ್ಲಿ ತೆಲುಗು ಆಡುವ ರೈತ, ಕನ್ನಡ ಆಡುವ ರೈತ, ಗೂಡು ಕೊಳ್ಳಲು ಬರುವ ಉರ್ದು ಮಾತಿನ ರೀಲರ್, ಮೂವರಿಗೂ ಅದು ಊಜಿಯೇ. ರೇಷ್ಮೆ ಹುಳುವಿನ ಮೈಮೇಲೆ ಮೊಟ್ಟೆಯಿಡುವ ಈ ನೊಣದ ಮರಿ ಹುಳುವಿನ ಒಳಹೊಕ್ಕು ಅದನ್ನು ತಿಂದು ಮುಗಿಸುತ್ತದೆ. 1980ರಲ್ಲಿ ಬಂಗಾಳದಿಂದ ಬಂದ ಗೂಡುಗಳ ಜೊತೆಯಲ್ಲಿ ಅದು ಕರ್ನಾಟಕಕ್ಕೆ ಕಾಲಿಟ್ಟಿತು. ಆದರೆ ಹೆಸರು ಬಂಗಾಳದ್ದಲ್ಲ, ಜಪಾನಿನದು. ಆ ಭಾಷೆಯಲ್ಲಿ 'ಉಜಿ' ಎಂದರೆ ನೊಣದ ಮರಿಹುಳು.

ಜಪಾನನ್ನು ನಕಾಶೆಯಲ್ಲಿಯೂ ನೋಡಿರದ ರೈತನ ಬಾಯಲ್ಲಿ ಜಪಾನಿನ ಮಾತೊಂದು ಮನೆಮಾತಿನಂತೆ ಆಡುತ್ತಿದೆ. ಅದು ಇಲ್ಲಿಗೆ ಬಂದ ದಾರಿಯನ್ನು ಹುಡುಕುತ್ತ ಹೋದರೆ ನಾವು ಯೊಕೊಹಾಮ ಬಂದರಿಗೂ ಅಲ್ಲಿಂದ ನ್ಯೂಯಾರ್ಕ್ ಪೇಟೆಗೂ ಹೋಗಿ ಮರಳಿ ಕೋಲಾರಕ್ಕೆ ಬರಬೇಕಾಗುತ್ತದೆ. ಪರಸ್ಪರ ಭಾಷೆ, ನಡೆನುಡಿ, ನಂಬಿಕೆ ಯಾವುದೂ ತಿಳಿಯದ ಜನಗಳು ರೇಷ್ಮೆಯ ಎಳೆಯೊಂದನ್ನು ಹಿಡಿದು ಮಾತನಾಡಲು ಯತ್ನಿಸಿದ ಚರಿತ್ರೆ ಇದು. ಎಲ್ಲಿ ಆ ಮಾತು ಅರ್ಥವಾಯಿತು, ಎಲ್ಲಿ ಅರ್ಥವಾಗದೆ ಉಳಿಯಿತು ಎಂಬುದು ಇಂದಿನ ನಮಗೂ ಸಂಬಂಧಿಸಿದ ವಿಷಯ.

ಮೊದಲ ಮಾತುಕತೆ

1853ರಲ್ಲಿ ಅಮೆರಿಕದ ನೌಕಾಪಡೆಯ ಅಧಿಕಾರಿ ಮ್ಯಾಥ್ಯೂ ಪೆರಿ ಯುದ್ಧನೌಕೆಗಳೊಂದಿಗೆ ಜಪಾನಿನ ತೀರಕ್ಕೆ ಬಂದ. ಎರಡು ಶತಮಾನಗಳಿಗೂ ಹೆಚ್ಚು ಕಾಲ ಜಪಾನ್ ಹೊರಜಗತ್ತಿಗೆ ಬಹುತೇಕ ಬಾಗಿಲು ಹಾಕಿಕೊಂಡಿತ್ತು. ಡಚ್ ಮತ್ತು ಚೀನೀ ವ್ಯಾಪಾರಿಗಳಿಗೆ ಮಾತ್ರ ನಾಗಸಾಕಿಯಲ್ಲಿ ಸ್ವಲ್ಪ ಅವಕಾಶವಿತ್ತು. ಆದ್ದರಿಂದ ಜಪಾನಿನ ದುಭಾಷಿಗಳಿಗೆ ಡಚ್ ಭಾಷೆ ಬರುತ್ತಿತ್ತು, ಇಂಗ್ಲಿಷ್ ಬರುತ್ತಿರಲಿಲ್ಲ. ಅಮೆರಿಕನ್ನರು ಇಂಗ್ಲಿಷಿನಲ್ಲಿ ಹೇಳಿದ್ದು ಡಚ್ ಅಥವಾ ಚೀನೀ ಭಾಷೆಗೆ ಹೋಗಿ ಅಲ್ಲಿಂದ ಜಪಾನಿಗೆ ಇಳಿಯಬೇಕಿತ್ತು.

1854ರ ಕನಗಾವ ಒಪ್ಪಂದ ಹೀಗೆಯೇ ಆಯಿತು. ಅಮೆರಿಕದ ರಾಯಭಾರ ಪ್ರತಿನಿಧಿಯೊಬ್ಬ ಜಪಾನಿನಲ್ಲಿ ನೆಲೆಸುವ ಬಗೆಗಿನ ಕಲಮು ಇಂಗ್ಲಿಷ್ ಪ್ರತಿಯಲ್ಲಿ 'ಎರಡರಲ್ಲಿ ಯಾವುದಾದರೂ ಒಂದು ಸರ್ಕಾರ ಅಗತ್ಯವೆಂದರೆ ಸಾಕು' ಎಂಬ ಅರ್ಥದಲ್ಲಿತ್ತು. ಜಪಾನಿ ಪ್ರತಿಯಲ್ಲಿ 'ಎರಡೂ ಸರ್ಕಾರಗಳು ಒಪ್ಪಿದರೆ' ಎಂಬ ಅರ್ಥ ಬರುತ್ತಿತ್ತು. 1856ರಲ್ಲಿ ಟೌನ್‌ಸೆಂಡ್ ಹ್ಯಾರಿಸ್ ಎಂಬ ಪ್ರತಿನಿಧಿ ಶಿಮೊಡಾ ಬಂದರಿಗೆ ಬಂದಿಳಿದಾಗ ಜಪಾನಿನ ಅಧಿಕಾರಿಗಳು ದಿಕ್ಕುಗಾಣದೆ ನಿಂತರು. ಒಪ್ಪಂದಕ್ಕೆ ಸಹಿ ಬಿದ್ದಿತ್ತು, ಆದರೆ ಇಬ್ಬರೂ ಒಪ್ಪಿದ್ದು ಬೇರೆಬೇರೆ ಮಾತಿಗೆ!

ಆಗ ಎರಡೂ ಭಾಷೆ ಬಲ್ಲವರು ಯಾರೂ ಇರಲಿಲ್ಲವೇ? ಒಬ್ಬನಿದ್ದ. ಮಂಜಿರೋ ಎಂಬ ಬೆಸ್ತರ ಹುಡುಗ 1841ರಲ್ಲಿ ಬಿರುಗಾಳಿಗೆ ಸಿಕ್ಕು ನಿರ್ಜನ ದ್ವೀಪವೊಂದರಲ್ಲಿ ಉಳಿದಿದ್ದ. ವಿಲಿಯಂ ವಿಟ್‌ಫೀಲ್ಡ್ ಎಂಬ ಅಮೆರಿಕದ ತಿಮಿಂಗಿಲ ಬೇಟೆಯ ಹಡಗಿನ ಕಪ್ತಾನ ಅವನನ್ನು ರಕ್ಷಿಸಿ, ಮ್ಯಾಸಚೂಸೆಟ್ಸ್‌ನ ತನ್ನ ಊರಿಗೆ ಕರೆದೊಯ್ದು ಶಾಲೆಗೆ ಸೇರಿಸಿದ. 1851ರಲ್ಲಿ ಮಂಜಿರೋ ತಾಯ್ನಾಡಿಗೆ ಮರಳಿದ. ಸರ್ಕಾರ ಅವನಿಂದ ಅಮೆರಿಕದ ವಿಷಯಗಳನ್ನು ಕೇಳಿ ತಿಳಿದುಕೊಂಡಿತು. ಆದರೆ ಪೆರಿಯ ಎದುರು ಕೂರಿಸಿ ದುಭಾಷಿಯಾಗಿ ಮಾತಾಡಿಸಲಿಲ್ಲ. ಅಮೆರಿಕನ್ನರ ಅನ್ನ ಉಂಡವನು ಅವರ ಪರ ವಹಿಸಿಯಾನು ಎಂಬ ಗುಮಾನಿ. ಎರಡು ಕಡೆಯನ್ನೂ ಬಲ್ಲವನನ್ನು ಅನುಮಾನದಿಂದ ನೋಡುವ ಈ ಅಭ್ಯಾಸ ಯಾವ ದೇಶದಲ್ಲಿ ಇಲ್ಲ?

ನ್ಯೂಯಾರ್ಕಿಗೆ ಹೋದ ರೇಷ್ಮೆ

1859ರಲ್ಲಿ ಯೊಕೊಹಾಮ ಬಂದರು ತೆರೆಯಿತು. ಅದೇ ವೇಳೆಗೆ ಯುರೋಪಿನ ರೇಷ್ಮೆ ಹುಳುಗಳನ್ನು ಪೆಬ್ರಿನ್ ಎಂಬ ಗಂಟುರೋಗ ನಾಶಮಾಡುತ್ತಿತ್ತು. ಜಪಾನಿನ ಮೊಟ್ಟೆಗೂ ನೂಲಿಗೂ ಎಲ್ಲಿಲ್ಲದ ಬೇಡಿಕೆ ಬಂತು. ಬೇಡಿಕೆಯ ಹಿಂದೆಯೇ ದೂರುಗಳೂ ಬಂದವು: ತೂಕದಲ್ಲಿ ಮೋಸ, ಎಳೆಯಲ್ಲಿ ಗಂಟು, ಒಂದೇ ಲಡಿಯಲ್ಲಿ ದಪ್ಪ ಸಣ್ಣ ಎರಡೂ. ಯೊಕೊಹಾಮದ ವ್ಯಾಪಾರ ಪರದೇಶಿ ವರ್ತಕರ ಕೈಯಲ್ಲಿತ್ತು. ನೂಲು ತೆಗೆದವನಿಗೆ ಕೊಳ್ಳುವವನ ಮುಖ ಕಾಣುತ್ತಿರಲಿಲ್ಲ.

ಈ ದೂರವನ್ನು ಕಡಿಮೆ ಮಾಡಲೆಂದೇ 1876ರಲ್ಲಿ ಅರಾಯ್ ರಿಯೊಇಚಿರೊ ಎಂಬ ಯುವಕ ನ್ಯೂಯಾರ್ಕಿಗೆ ಹೊರಟ. ಅವನ ಅಣ್ಣ ಗುನ್ಮಾ ಪ್ರಾಂತದಲ್ಲಿ ನೂಲು ಬಿಚ್ಚುವ ಕಾರ್ಖಾನೆ ನಡೆಸುತ್ತಿದ್ದ. ಅಣ್ಣನ ನೂಲನ್ನು ಅಮೆರಿಕದ ಮಗ್ಗದವರಿಗೆ ತಾನೇ ನೇರವಾಗಿ ಮಾರಬೇಕೆಂಬುದು ಅರಾಯ್ ಹಂಬಲ. ಮೊದಲ ವ್ಯವಹಾರದಲ್ಲಿಯೇ ಪರೀಕ್ಷೆ ಎದುರಾಯಿತು. ಬೆಲೆ ಕುದುರಿದ ಮೇಲೆ, ಮಾಲು ತಲುಪುವ ಮೊದಲೇ ರೇಷ್ಮೆಯ ದರ ಏರಿಬಿಟ್ಟಿತು. ಅರಾಯ್ ಮಾತು ತಪ್ಪಲಿಲ್ಲ. ನಷ್ಟವನ್ನು ನುಂಗಿಕೊಂಡು ಒಪ್ಪಿದ ದರಕ್ಕೇ ನೂಲು ಕೊಟ್ಟ. ಅವನ ಮೊಮ್ಮಗಳು ಹಾರು ಮತ್ಸುಕತಾ ರೈಶಾವರ್ ತಮ್ಮ ಕುಟುಂಬದ ಚರಿತ್ರೆಯಲ್ಲಿ ಇದನ್ನು ದಾಖಲಿಸಿದ್ದಾರೆ. ನ್ಯೂಯಾರ್ಕಿನ ಪೇಟೆಯಲ್ಲಿ ಅರಾಯ್ ಗಳಿಸಿದ ಹೆಸರಿಗೆ ಅವನ ಇಂಗ್ಲಿಷಿಗಿಂತ ಈ ನಡತೆಯೇ ಹೆಚ್ಚು ಕಾರಣ. ತೂಕ ಮತ್ತು ಅಳತೆಯಲ್ಲಿ, ಕೊಟ್ಟ ಮಾತಿನಲ್ಲಿ ನೇರವಾಗಿರುವುದು ಯಾವ ದುಭಾಷಿಯ ನೆರವೂ ಇಲ್ಲದೆ ಅರ್ಥವಾಗುವ ಭಾಷೆ.

ಆಮೇಲೆ ಜಪಾನ್ ಅಮೆರಿಕದ ಯಂತ್ರಗಳ ಭಾಷೆಯನ್ನು ಕಲಿಯಿತು. ಅಮೆರಿಕದ ವಿದ್ಯುತ್ ಮಗ್ಗಗಳು ವೇಗವಾಗಿ ಓಡುತ್ತಿದ್ದವು, ಎಳೆ ಸ್ವಲ್ಪ ಹೆಚ್ಚುಕಡಿಮೆಯಾದರೂ ತುಂಡಾಗುತ್ತಿತ್ತು. ಆದ್ದರಿಂದ ಮೊದಲಿನಿಂದ ಕೊನೆಯವರೆಗೆ ಒಂದೇ ಸಮನಾದ ಎಳೆ ಬೇಕಿತ್ತು. ಅದಕ್ಕಾಗಿ ಜಪಾನ್ ತನ್ನ ಕಾರ್ಖಾನೆಗಳನ್ನು ತಿದ್ದಿಕೊಂಡಿತು, ನೂಲನ್ನು ಪರೀಕ್ಷಿಸಿ ದರ್ಜೆ ಕೊಡುವ ಪದ್ಧತಿ ತಂದಿತು, ಹುಳುವಿನ ತಳಿಯನ್ನೇ ಬದಲಿಸಿತು. ಎರಡು ತಳಿಗಳನ್ನು ಕೂಡಿಸಿ ಮೊದಲ ಪೀಳಿಗೆಯ ಹುಳುವನ್ನು ರೈತರಿಗೆ ಕೊಡಬೇಕೆಂದು ತೊಯಾಮಾ ಕಮೆತರೊ ಎಂಬ ವಿಜ್ಞಾನಿ 1906ರಲ್ಲಿ ಸೂಚಿಸಿದರು. 1909ರ ವೇಳೆಗೆ ಜಪಾನ್ ಚೀನಾವನ್ನು ಹಿಂದೆ ಹಾಕಿ ಜಗತ್ತಿನಲ್ಲಿಯೇ ಅತಿ ಹೆಚ್ಚು ಕಚ್ಚಾ ರೇಷ್ಮೆ ರಫ್ತು ಮಾಡುವ ದೇಶವಾಯಿತು. 1920ರ ದಶಕದ ಕೊನೆಗೆ ಆ ರಫ್ತಿನ ಬಹುಪಾಲನ್ನು ಅಮೆರಿಕವೊಂದೇ ಕೊಳ್ಳುತ್ತಿತ್ತು. ಅಮೆರಿಕದ ಹೆಂಗಸರ ಕಾಲುಚೀಲದ ಎಳೆ ನಗಾನೊ ಪ್ರಾಂತದ ಬಡ ಹುಡುಗಿಯರ ಬೆರಳ ತುದಿಯಿಂದ ಬರುತ್ತಿತ್ತು. ಬಿಸಿನೀರಿನ ತೊಟ್ಟಿಯ ಮುಂದೆ ಹಗಲೆಲ್ಲ ಕೂತು ನೂಲು ತೆಗೆಯುತ್ತಿದ್ದ ಆ ಹುಡುಗಿಯರ ಕಷ್ಟ ಮಾತ್ರ ಕೊಳ್ಳುವವರಿಗೆ ತಿಳಿದಿರಲಿಲ್ಲ.

ನೂಲು ಇಷ್ಟು ಚೆನ್ನಾಗಿ ಅರ್ಥವಾದ ಮೇಲೆ ಮನುಷ್ಯರೂ ಅರ್ಥವಾಗಬೇಕಿತ್ತಲ್ಲ? ಹಾಗಾಗಲಿಲ್ಲ. ಜಪಾನಿನ ರೇಷ್ಮೆಯನ್ನು ಬಾಚಿಕೊಳ್ಳುತ್ತಿದ್ದ ಅದೇ ಅಮೆರಿಕ 1924ರಲ್ಲಿ ವಲಸೆ ಕಾನೂನು ತಂದು ಜಪಾನೀಯರಿಗೆ ಬಾಗಿಲು ಮುಚ್ಚಿತು. ಜಪಾನಿನ ಸೇನೆ ಚೀನಾದ ಮೇಲೆ ನಡೆಸಿದ ದೌರ್ಜನ್ಯದಿಂದ ಸಂಬಂಧ ಇನ್ನೂ ಕೆಟ್ಟಿತು. 1941ರಲ್ಲಿ ವ್ಯಾಪಾರ ನಿಂತಿತು, ಯುದ್ಧ ಬಂತು. 1942ರಿಂದ ಅಮೆರಿಕ ತನ್ನ ನೆಲದಲ್ಲಿದ್ದ ಸುಮಾರು 1,20,000 ಜಪಾನೀ ಮೂಲದ ಜನರನ್ನು ಶಿಬಿರಗಳಿಗೆ ತಳ್ಳಿತು. ಅವರಲ್ಲಿ ಮೂರರಲ್ಲಿ ಎರಡು ಪಾಲು ಜನ ಅಮೆರಿಕದ ಪ್ರಜೆಗಳೇ ಆಗಿದ್ದರು. ಅದು ತಪ್ಪೆಂದು ಒಪ್ಪಿ ಕ್ಷಮೆ ಕೇಳಿ, ಬದುಕಿ ಉಳಿದವರಿಗೆ ತಲಾ 20,000 ಡಾಲರ್ ಪರಿಹಾರ ಕೊಡುವ ಕಾನೂನು ಮಾಡಲು 1988ರವರೆಗೆ ಕಾಯಬೇಕಾಯಿತು.

ಕೋಲಾರದ ಕಡೆಗೆ

ಇನ್ನು ನಮ್ಮ ನೆಲಕ್ಕೆ ಬರೋಣ. ಮೈಸೂರು ಸೀಮೆಯಲ್ಲಿ ರೇಷ್ಮೆಗೆ ರಾಜಾಶ್ರಯ ಕೊಟ್ಟವನು ಟಿಪ್ಪು ಸುಲ್ತಾನ್. ಅವನ ತಂದೆ ಹೈದರಾಲಿ ಹುಟ್ಟಿದ್ದು ಇದೇ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ. ತಾತ ಫತೇ ಮುಹಮ್ಮದರ ಗೋರಿ ಇರುವುದು ಕೋಲಾರ ಪಟ್ಟಣದಲ್ಲಿ. ಹುಳು ತರಲು ಬಂಗಾಳಕ್ಕೆ ಹೋಗಿದ್ದ ಬಹಾವುದ್ದೀನ್ ಮತ್ತು ಕಸ್ತೂರಿರಂಗ ಎಂಬ ಇಬ್ಬರು ಮರಳಿ ಬರುತ್ತಿದ್ದಾರೆ, ಹುಳುಗಳನ್ನು ಇಡಲು ತಕ್ಕ ಜಾಗ ಸಿದ್ಧಪಡಿಸಿ ಎಂದು ಟಿಪ್ಪು 1786ರಲ್ಲಿ ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಬರೆದ ಕಾಗದ ಉಳಿದುಬಂದಿದೆ. ಒಬ್ಬ ಮುಸ್ಲಿಮ್, ಒಬ್ಬ ಹಿಂದೂ. ಇಬ್ಬರಿಗೂ ಹೊಸದಾದ ಬಂಗಾಳ. ಮೈಸೂರಿನ ರೇಷ್ಮೆ ಮೊದಲಿನಿಂದಲೂ ಜೊತೆಗೂಡಿ ಮಾಡಿದ ಕೆಲಸ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹತ್ತೊಂಬತ್ತನೆಯ ಶತಮಾನದ ನಡುವೆ ಇಲ್ಲಿಯೂ ಹುಳುಗಳಿಗೆ ರೋಗ ತಗಲಿತು. 1860ರ ದಶಕದಲ್ಲಿ ದೆ ವೆಕ್ಕಿ ಎಂಬ ಇಟಲಿಯವನು ಬೆಂಗಳೂರಿನಲ್ಲಿದ್ದುಕೊಂಡು ಜಪಾನಿನಿಂದ ಮೊಟ್ಟೆ ತರಿಸಿ ನೋಡಿದ. ತಳಿ ನಿಲ್ಲಲಿಲ್ಲ. 1890ರ ದಶಕದಲ್ಲಿ ಜಮ್‌ಶೆಟ್‌ಜಿ ಟಾಟಾ ಬೆಂಗಳೂರಿನಲ್ಲಿ ರೇಷ್ಮೆ ತೋಟ ಮಾಡಿ, ಕೆಲಸ ಕಲಿಸಲು ಜಪಾನಿನಿಂದ ಓಡ್ಜು ದಂಪತಿಯನ್ನು ಕರೆಸಿದರು. ಬಸವನಗುಡಿಯ ಬಳಿ ಇಂದಿಗೂ 'ಟಾಟಾ ಸಿಲ್ಕ್ ಫಾರಂ' ಎಂಬ ಹೆಸರು ಉಳಿದಿದೆ. 1898ರಲ್ಲಿ ಜಪಾನನ್ನು ಕಂಡು ಬಂದಿದ್ದ, ಆಗಿನ ಕೋಲಾರ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯ ದಿವಾನರಾಗಿದ್ದ ಕಾಲದಲ್ಲಿ ಮೈಸೂರಿನಲ್ಲಿ ರೇಷ್ಮೆಗೆಂದೇ ಇಲಾಖೆ ರೂಪುಗೊಂಡಿತು. ಅದನ್ನು ಕಟ್ಟಿ ಬೆಳೆಸಿದವರು ನವರತ್ನ ರಾಮರಾಯರು. 1925ರಲ್ಲಿ ಮೈಸೂರಿನ ಸರ್ಕಾರಿ ಮುದ್ರಣಾಲಯದಿಂದ ರೇಷ್ಮೆ ಕೃಷಿಯ ಇಂಗ್ಲಿಷ್ ಕೈಪಿಡಿಯೊಂದು ಹೊರಬಂತು. ಅದರ ಮೇಲೆ ಇಬ್ಬರ ಹೆಸರಿತ್ತು: ಜಪಾನಿನ ಎಂ. ಯೊನೆಮುರಾ ಮತ್ತು ನಮ್ಮ ರಾಮರಾಯರು. ಇಬ್ಬರಿಗೂ ತಾಯಿನುಡಿಯಲ್ಲದ ಮೂರನೆಯ ಭಾಷೆಯಲ್ಲಿ, ಒಬ್ಬನ ವಿದ್ಯೆಯೂ ಇನ್ನೊಬ್ಬನ ನೆಲದ ಅನುಭವವೂ ಒಂದೇ ಪುಸ್ತಕದಲ್ಲಿ ಸೇರಿದವು.

ಆ ಕಾಲದ ಅತ್ಯುತ್ತಮ ಅನುವಾದ ಮಾತ್ರ ಕಾಗದದ ಮೇಲೆ ಆಗಲಿಲ್ಲ, ಹುಳುವಿನಲ್ಲಿಯೇ ಆಯಿತು. ಜಪಾನಿನ ತಳಿ ಉದ್ದವಾದ ಒಳ್ಳೆಯ ಎಳೆ ಕೊಡುತ್ತಿತ್ತು, ಆದರೆ ನಮ್ಮ ಸೆಕೆಗೆ ತಡೆಯುತ್ತಿರಲಿಲ್ಲ. ಮೈಸೂರಿನ ನಾಟಿ ತಳಿ ಗಟ್ಟಿಮುಟ್ಟು, ಎಳೆ ಮಾತ್ರ ಮೋಟು. ಎರಡನ್ನೂ ಕೂಡಿಸಿದಾಗ ಬಂದ ಮಿಶ್ರತಳಿ 1920ರ ದಶಕದಿಂದ ರೈತರ ಕೈಸೇರತೊಡಗಿತು. ಹೀಗೆ ಕೂಡಿಸಲು ಬಳಸಿದ ಒಂದು ತಳಿಯ ಹೆಸರು 'ಸಿ. ನಿಚಿ'. ಅದರಲ್ಲಿರುವ 'ನಿಚಿ' ಜಪಾನನ್ನು ಸೂಚಿಸುವ ಅಕ್ಷರ. ಕೋಲಾರದ ರೈತರು ಇಂದಿಗೂ ಹೆಚ್ಚಾಗಿ ನೆಚ್ಚಿರುವುದು ಮಿಶ್ರತಳಿಯನ್ನೇ. ಅದರ ತಾಯಿ ಮೈಸೂರಿನವಳು.

ಅಷ್ಟರಲ್ಲಿ ನ್ಯೂಯಾರ್ಕಿನ ಗಾಳಿ ಇಲ್ಲಿಗೂ ಬೀಸಿತು. 1929ರಲ್ಲಿ ಅಮೆರಿಕದ ಪೇಟೆ ಕುಸಿಯಿತು, ಕಾಲುಚೀಲ ಕೊಳ್ಳುವವರು ಕಡಿಮೆಯಾದರು. ಮಾರಾಟವಾಗದ ಜಪಾನಿ ರೇಷ್ಮೆ ಅಗ್ಗದ ಬೆಲೆಗೆ ಹಿಂದೂಸ್ತಾನದ ಬಂದರುಗಳಲ್ಲಿ ಬಂದು ಬಿತ್ತು. ಮೈಸೂರು ಸಂಸ್ಥಾನದ ರೈತರು ಹಿಪ್ಪುನೇರಳೆ ಗಿಡಗಳನ್ನು ಕಿತ್ತು ರಾಗಿ ಬಿತ್ತಬೇಕಾಯಿತು. 1934ರಲ್ಲಿ ಆಮದು ಸುಂಕದ ರಕ್ಷಣೆ ಬಂದ ಮೇಲೆ ತುಸು ಉಸಿರಾಡುವಂತಾಯಿತು. ಯುದ್ಧ ಬಂದಾಗ ಚಕ್ರ ತಿರುಗಿತು. ಜಪಾನಿನ ರೇಷ್ಮೆ ನಿಂತುಹೋದ್ದರಿಂದ ಪ್ಯಾರಾಚೂಟಿಗೆ ಮೈಸೂರು ರೇಷ್ಮೆ ಬೇಕಾಯಿತು. 1940ರಲ್ಲಿ ಮಾರುಕಟ್ಟೆಗೆ ಬಂದಿದ್ದ ನೈಲಾನ್ ಕಾಲುಚೀಲ ಯುದ್ಧ ಮುಗಿದ ಮೇಲೆ ರೇಷ್ಮೆಯ ಜಾಗವನ್ನೇ ಕಸಿದುಕೊಂಡಿತು. ದೂರದ ಎರಡು ದೇಶಗಳ ಸ್ನೇಹ ವೈರಗಳು ನಮ್ಮ ರೈತನ ಹೊಲದಲ್ಲಿ ಹೀಗೆ ಬೆಳೆಯಾಗಿಯೂ ಬರವಾಗಿಯೂ ಕಾಣಿಸಿಕೊಂಡವು. ಅವನನ್ನು ಕೇಳಿದವರು ಯಾರು?

ಜ್ವರ ಮತ್ತು ನಿದ್ದೆ

ಜಪಾನ್ ಮತ್ತೊಮ್ಮೆ ಕರ್ನಾಟಕದ ಹುಳುಮನೆಗೆ ಬಂದದ್ದು 1991ರಲ್ಲಿ. ಅಲ್ಲಿನ ಸರ್ಕಾರದ ಸಹಕಾರ ಸಂಸ್ಥೆ 'ಜೈಕಾ' ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯೊಡನೆ ಸೇರಿ ದ್ವಿತಳಿ ರೇಷ್ಮೆಯ ಯೋಜನೆ ಆರಂಭಿಸಿತು. ಮೂರು ಹಂತಗಳಲ್ಲಿ ಅದು 2007ರವರೆಗೆ ನಡೆಯಿತು. ಉಷ್ಣ ಪ್ರದೇಶದಲ್ಲಿ ಶುದ್ಧ ದ್ವಿತಳಿ ಬೆಳೆಯುವುದು ಆಗದ ಮಾತು ಎಂದು ಬಹಳ ಮಂದಿ ನಂಬಿದ್ದ ಕಾಲ ಅದು. ಆ ಯೋಜನೆಯಿಂದ ಬಂದ ಸಿಎಸ್‌ಆರ್ ತಳಿಗಳು ಆ ನಂಬಿಕೆಯನ್ನು ಸುಳ್ಳಾಗಿಸಿದವು. ಮಿಶ್ರತಳಿಯಲ್ಲಿ ಒಂದು ಕಿಲೋ ನೂಲಿಗೆ ಸುಮಾರು 8 ಕಿಲೋ ಗೂಡು ಬೇಕಾದರೆ ದ್ವಿತಳಿಯಲ್ಲಿ ಸುಮಾರು 6 ಕಿಲೋ ಸಾಕು.

ಆದರೆ ತಳಿ ಕೊಟ್ಟರೆ ಸಾಲದು, ಸಾಕುವ ರೀತಿಯನ್ನೂ ತಿಳಿಸಬೇಕು. ಜಪಾನಿ ತಜ್ಞನ ಮಾತು ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ, ಮುಳಬಾಗಿಲಿನಂಥ ಗಡಿ ತಾಲೂಕಿನಲ್ಲಾದರೆ ಕನ್ನಡದಿಂದ ತೆಲುಗಿಗೆ ಇಳಿಯಬೇಕು. ಕನಗಾವ ಒಪ್ಪಂದಕ್ಕಿಂತ ಇದು ಒಂದು ಮೆಟ್ಟಿಲು ಹೆಚ್ಚೇ! ಹುಳು ಮೇವು ಬಿಟ್ಟು, ಅಲ್ಲಾಡದೆ ಕೂತು ಹಳೆಯ ಪೊರೆ ಕಳಚುವ ಸ್ಥಿತಿಯನ್ನೇ ತೆಗೆದುಕೊಳ್ಳಿ. ನಮ್ಮ ರೈತರು ಅದಕ್ಕೆ 'ಜ್ವರ' ಎನ್ನುತ್ತಾರೆ: ಒಂದನೇ ಜ್ವರ, ಎರಡನೇ ಜ್ವರ, ಹೀಗೆ ನಾಲ್ಕು. ಜಪಾನೀಯರು ಅದನ್ನೇ 'ಮಿನ್' ಎಂದರೆ ನಿದ್ದೆ ಎನ್ನುತ್ತಾರೆ. ಒಬ್ಬರ ಕಣ್ಣಿಗೆ ಹುಳು ಕಾಯಿಲೆ ಮಲಗಿದೆ, ಇನ್ನೊಬ್ಬರ ಕಣ್ಣಿಗೆ ಸುಖವಾಗಿ ಮಲಗಿದೆ. ಆದರೂ ಇಬ್ಬರೂ ಮಾಡುವುದು ಒಂದನ್ನೇ. ಸೊಪ್ಪು ಹಾಕುವುದನ್ನು ನಿಲ್ಲಿಸಿ, ಹುಳುವನ್ನು ಮುಟ್ಟದೆ ಕಾಯುತ್ತಾರೆ. ಜ್ವರದ ಮಗುವನ್ನೂ ನಿದ್ದೆಯ ಮಗುವನ್ನೂ ತಾಯಿ ಕಾಯುವ ಹಾಗೆ.

ಹುಳುಮನೆಯನ್ನು ಮದ್ದು ಹಾಕಿ ತೊಳೆಯಬೇಕು, ಕೈಕಾಲು ತೊಳೆಯದೆ ಒಳಗೆ ಹೋಗಬಾರದು ಎಂಬ ಪಾಠವೂ ಹಾಗೆಯೇ. ಹುಳುವಿರುವ ಕೋಣೆಗೆ ಕಂಡಕಂಡವರನ್ನು ಬಿಡಬಾರದೆಂಬ ಕಟ್ಟುಪಾಡು ನಮ್ಮ ಹಳ್ಳಿಗಳಲ್ಲಿ ಮೊದಲೇ ಇತ್ತು. ಕಾರಣ ಬೇರೆ, ನಡೆ ಒಂದೇ. ವಾಸದ ಮನೆಯಿಂದ ಬೇರೆಯಾದ ಹುಳುಮನೆ, ಎಲೆ ಬಿಡಿಸುವ ಬದಲು ರೆಂಬೆ ಸಮೇತ ಮೇವು ಕೊಡುವ ಪದ್ಧತಿ, ಮರಿಹುಳುಗಳನ್ನು ಒಂದೆಡೆ ಸಾಕಿಕೊಡುವ ಚಾಕಿ ಕೇಂದ್ರ ಇವೆಲ್ಲ ನಿಧಾನವಾಗಿ ರೂಢಿಗೆ ಬಂದವು. ಆದರೂ ಕೋಲಾರ ಸೀಮೆಯ ಬಹಳ ರೈತರು ಮಿಶ್ರತಳಿಯನ್ನು ಬಿಡಲಿಲ್ಲ. ಇದನ್ನು ಹಠವೆಂದು ಕರೆಯುವುದು ಸುಲಭ. ಕೊಳವೆ ಬಾವಿ ಬತ್ತಿದ, ನದಿಯ ನೀರಿಲ್ಲದ ಜಿಲ್ಲೆಯಲ್ಲಿ ಒಂದು ಬೆಳೆ ಕೈಕೊಟ್ಟರೆ ಸಾಲ ಮನೆಬಾಗಿಲಿಗೆ ಬರುತ್ತದೆ. ರೈತ 'ಆಗಲಿ ನೋಡೋಣ' ಎಂದರೆ ಅದು ಒಪ್ಪಿಗೆಯಲ್ಲ, ಲೆಕ್ಕ ಹಾಕುತ್ತಿದ್ದಾನೆ ಎಂದರ್ಥ. ಕಲಿಸಲು ಬಂದವನು ಈ ಲೆಕ್ಕವನ್ನೂ ಕಲಿಯಬೇಕಾಗುತ್ತದೆ.

ಗೂಡಿನ ಮಾರುಕಟ್ಟೆಯಿಂದ ನರಸಾಪುರದವರೆಗೆ

ಕೋಲಾರದ ಗೂಡು ಇಲ್ಲಿಯ ಮಾರುಕಟ್ಟೆಯಲ್ಲಿ, ಶಿಡ್ಲಘಟ್ಟದಲ್ಲಿ, ರಾಮನಗರದಲ್ಲಿ ಹರಾಜಾಗುತ್ತದೆ. ಬೆಳೆಯುವವರಲ್ಲಿ ಹೆಚ್ಚಿನವರು ಹಿಂದೂ ಒಕ್ಕಲುಗಳು, ಕೊಂಡು ನೂಲು ಬಿಚ್ಚುವವರಲ್ಲಿ ಬಹಳ ಮಂದಿ ಮುಸ್ಲಿಮರು. ಇವರ ಮನೆಗಳ ಹೆಂಗಸರು, ಕೂಲಿಯವರು ಕುದಿಯುವ ನೀರಿನ ಮುಂದೆ ಕೂತು ಎಳೆ ಹಿಡಿಯುತ್ತಾರೆ. ನಗಾನೊದ ಹುಡುಗಿಯರ ಬೆರಳುಗಳ ಕಥೆಯೇ ಇಲ್ಲಿಯೂ. ಇಲ್ಲಿನ ರೇಷ್ಮೆ ಕೆಲಸದಲ್ಲಿ ಸಾಲಕ್ಕೆ ಜೀತವಿದ್ದ ಮಕ್ಕಳ ಬಗ್ಗೆ 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ವರದಿ ಮಾಡಿದಾಗ ನಾವೆಲ್ಲ ನಾಚಬೇಕಾಯಿತು. ನೂಲಿನ ನಯವನ್ನು ಹೊಗಳುವ ನಾವು ಬೆರಳಿನ ಬೊಬ್ಬೆಯನ್ನು ನೋಡದೆ ಹೋದರೆ 1924ರ ಅಮೆರಿಕಕ್ಕಿಂತ ಯಾವ ರೀತಿಯಲ್ಲಿ ಮೇಲು?

ಬೆಳೆಯುವವನ ಮತ್ತು ಕೊಳ್ಳುವವನ ನಡುವೆ ಚೌಕಾಸಿ, ಜಗಳ, ಮುನಿಸು ಇಲ್ಲವೆಂದಲ್ಲ. ಆದರೂ ಮರುದಿನ ಇಬ್ಬರೂ ಅದೇ ಮಾರುಕಟ್ಟೆಗೆ ಬರುತ್ತಾರೆ. 2022ರಲ್ಲಿ ಮುಸ್ಲಿಮ್ ಮಾವಿನ ವ್ಯಾಪಾರಿಗಳನ್ನು ಬಹಿಷ್ಕರಿಸಬೇಕೆಂಬ ಕೂಗು ರಾಜ್ಯದಲ್ಲಿ ಎದ್ದಾಗ, ಮಾವಿಗೆ ಹೆಸರಾದ ಶ್ರೀನಿವಾಸಪುರದಂಥ ಊರಿಗೆ ಅದರ ಅರ್ಥ ಏನೆಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಹಣ್ಣಿನಲ್ಲಾಗಲಿ ಗೂಡಿನಲ್ಲಾಗಲಿ ಒಂದು ಕೈ ಹಿಂದೆ ಸರಿದರೆ ಇನ್ನೊಂದು ಕೈಯಲ್ಲಿರುವ ಸರಕು ಕೊಳೆಯುತ್ತದೆ.

ಇಂದು ಜಪಾನ್ ಮತ್ತು ಅಮೆರಿಕ ಎರಡೂ ಬೇರೆ ವೇಷದಲ್ಲಿ ಕೋಲಾರಕ್ಕೆ ಬಂದಿವೆ. ನರಸಾಪುರ ಕೈಗಾರಿಕಾ ಪ್ರದೇಶದಲ್ಲಿ 2013ರಲ್ಲಿ ಜಪಾನಿನ ಹೋಂಡಾ ಕಂಪನಿಯ ದ್ವಿಚಕ್ರ ವಾಹನ ಕಾರ್ಖಾನೆ ಆರಂಭವಾಯಿತು. ಅದೇ ಪ್ರದೇಶದಲ್ಲಿ ತೈವಾನಿನ ವಿಸ್ಟ್ರಾನ್ ಕಂಪನಿ ಅಮೆರಿಕದ ಆಪಲ್‌ಗಾಗಿ ಐಫೋನ್ ಜೋಡಿಸತೊಡಗಿತು. ಡಿಸೆಂಬರ್ 12, 2020ರಂದು ಅಲ್ಲಿನ ಕಾರ್ಮಿಕರ ಸಿಟ್ಟು ದಾಂಧಲೆಯಾಗಿ ಸಿಡಿಯಿತು. ಮಾತಾಡಿದ ಸಂಬಳ ಬಂದಿಲ್ಲ, ಹಾಜರಾತಿಯ ಲೆಕ್ಕ ಸರಿಯಿಲ್ಲ ಎಂಬುದು ಅವರ ದೂರು. ದಾಂಧಲೆಯನ್ನು ಯಾರೂ ಸಮರ್ಥಿಸಲಾರರು. ಆದರೆ ಸಂಬಳ ಪಾವತಿಯಲ್ಲಿ ತಪ್ಪಾಗಿದೆಯೆಂದು ಕಂಪನಿಯೇ ಆಮೇಲೆ ಒಪ್ಪಿ ಕ್ಷಮೆ ಕೇಳಿತು. 2023ರಲ್ಲಿ ಆ ಕಾರ್ಖಾನೆ ಟಾಟಾ ಸಂಸ್ಥೆಯ ಕೈಗೆ ಬಂತು. ಟಾಟಾ ಹೆಸರು ಈ ಕಥೆಗೆ ಹೊಸದೇನಲ್ಲ.

ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಹುಡುಗ ಹುಡುಗಿಯರು ಇಂದು ಇಂಥ ಕಾರ್ಖಾನೆಗಳ ಬಸ್ಸು ಹತ್ತುತ್ತಾರೆ. ಹೊರಗಿನವರ ಭಾಷೆ, ಶಿಸ್ತು, ವೇಳೆ ಎಲ್ಲವನ್ನೂ ಕಲಿಯುವ ಹೊಣೆ ಇವರದೇ ಆಗಿದೆ. ಕಲಿಯಲಿ, ಒಳ್ಳೆಯದೇ. ಆದರೆ ಕಲಿಕೆ ಒಂದೇ ಕಡೆಯಿಂದ ಆದರೆ ಏನಾಗುತ್ತದೆಂದು ರೇಷ್ಮೆಯ ಚರಿತ್ರೆ ನಮಗೆ ತೋರಿಸಿದೆ. ಜಪಾನಿನ ನೂಲು ಅಮೆರಿಕಕ್ಕೆ ಅರ್ಥವಾಗಿತ್ತು, ನೂಲು ತೆಗೆದವರು ಅರ್ಥವಾಗಿರಲಿಲ್ಲ. ಅರಾಯ್ ನಷ್ಟ ನುಂಗಿ ಮಾತು ಉಳಿಸಿಕೊಂಡಾಗ, ಯೊನೆಮುರಾ ಮತ್ತು ರಾಮರಾಯರು ಒಟ್ಟಿಗೆ ಕೂತು ಬರೆದಾಗ, ಬಹಾವುದ್ದೀನ್ ಮತ್ತು ಕಸ್ತೂರಿರಂಗ ಜೊತೆಯಾಗಿ ನಡೆದಾಗ ಕೆಲಸ ನಿಂತಿತು, ಬಾಳಿತು.

ಮುಳಬಾಗಿಲಿನ ರೈತ 'ನಾಲ್ಕನೇ ಜ್ವರ ಎದ್ದಿದೆ' ಎನ್ನುವಾಗ ಜಪಾನಿನ ರೈತ ತನ್ನ ಹುಳುಮನೆಯಲ್ಲಿ 'ನಾಲ್ಕನೇ ನಿದ್ದೆ ತಿಳಿಯಿತು' ಎನ್ನುತ್ತಾನೆ. ಎದ್ದ ಹುಳುವಿಗೆ ಇಬ್ಬರೂ ಹಾಕುವುದು ಒಂದೇ ಸೊಪ್ಪು. ಇದು ನಮ್ಮ ನೆರೆಯವನ ವಿಷಯದಲ್ಲೂ ನಮಗೆ ತಿಳಿದಿದ್ದರೆ ಎಷ್ಟು ಚೆನ್ನಾಗಿತ್ತು!